ಎರಡರ ಆಚೆ ಈಚೆ

ನ್ಯಾರಬ್ರೈ ಊರು ದಾಟಿ ಪಶ್ಚಿಮಕ್ಕೆ ಅರ್ಧ ಗಂಟೆ,
ಹತ್ತಿ ಹೊಲಗಳ ನಡುವೆ ಒಂದು ತಗಡಿನ ಶೆಡ್ಡು.
ಒಳಗೆ ಮೂವತ್ತೊಂದು ನೋಟುಬುಕ್ಕು, ಒಂದು ಫ್ಯಾನು,
ಸೂರ್ಯನ ಜಗಳಗಂಟಿತನದ ಪೂರ್ತಿ ದಾಖಲೆ.

ಬರೆದವರು ಗ್ಲೆನಿಸ್ ಪೋಕಾಕ್.
ದಿನಾಂಕ, ಹೊತ್ತು, ಜ್ವಾಲೆಯ ಅಳತೆ. ಎಲ್ಲ ಪೆನ್ಸಿಲ್ಲಿನಲ್ಲಿ;
ಶಾಯಿಯಾದರೆ ಬೆವರಿಗೆ ಹರಡುತ್ತದೆ.

ನನ್ನನ್ನು ಕರೆಸಿದ್ದು ಇಷ್ಟಕ್ಕೆ:
ಸಣ್ಣವು ಬಹಳ, ದೊಡ್ಡವು ಅಪರೂಪ, ಅದು ಕುರಿ ಕಾಯುವವನಿಗೂ ಗೊತ್ತು.
ಎಷ್ಟು ಕಡಿದಾಗಿ ಅಪರೂಪವಾಗುತ್ತ ಹೋಗುತ್ತವೆ, ಅದನ್ನು ಹೇಳು.

ಮೊದಲ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ.
ಎರಡೂ ಅಕ್ಷಕ್ಕೆ ಲಾಗರಿದಮ್ಮು ಕಟ್ಟಿ
ಜ್ವಾಲೆಗಳನ್ನು ಡಬ್ಬಿ ಡಬ್ಬಿಗೆ ತುಂಬಿ
ಸ್ಕೇಲಿಟ್ಟು ಗೆರೆ ಎಳೆದೆ.
ಗೆರೆ ಎಷ್ಟು ನೇರ ಬಂತೆಂದರೆ ನನಗೇ ಅನುಮಾನ.
ಆ ಹಾಳೆಯ ಮೇಲೆ ಆನೆಯ ಬೆನ್ನೂ ನೇರ ಕಾಣುತ್ತದೆ.
ಬಾಲದ ತುದಿಯ ಡಬ್ಬಿಯಲ್ಲಿ ಒಂದೇ ಒಂದು ಜ್ವಾಲೆ,
ಐನೂರು ತುಂಬಿದ ಡಬ್ಬಿಯಷ್ಟೇ ಜೋರಾಗಿ ಗೆರೆಯನ್ನು ಜಗ್ಗುತ್ತದೆ.
ಇಳಿಜಾರು ಒಂದು ಪಾಯಿಂಟ್ ಏಳು ಎಂಟು.

ಮರುದಿನ ಸ್ಕೇಲನ್ನು ಡ್ರಾಯರಿಗೆ ಹಾಕಿದೆ.
ಒಂದೊಂದನ್ನೂ ಬಳಿ ಕರೆದು ಕೇಳುವ ದಾರಿ ಇದೆ:
ಇಳಿಜಾರು ಇಷ್ಟಿದ್ದರೆ ನೀನು ಹುಟ್ಟುವ ಸಂಭವ ಎಷ್ಟು?
ಉತ್ತರಗಳನ್ನೆಲ್ಲ ಗುಣಿಸಿ
ಯಾವ ಇಳಿಜಾರಿಗೆ ಗುಣಲಬ್ಧ ಎಲ್ಲಕ್ಕಿಂತ ದೊಡ್ಡದೋ
ಅದನ್ನು ನಂಬುವುದು. ಡಬ್ಬಿ ಬೇಡ, ಗೆರೆ ಬೇಡ.

ಬೇಕಾದದ್ದು ಹೊಸ್ತಿಲು.
ಎಲ್ಲಿಂದ ಮೇಲಿನವು ಲೆಕ್ಕ, ಎಲ್ಲಿಂದ ಕೆಳಗಿನವು ಹೊರಗೆ.
ಸಣ್ಣವುಗಳ ಕಡೆ ಎಣಿಕೆ ಬಾಗಿತ್ತು;
ಸೂರ್ಯ ದಣಿದದ್ದೋ, ನೋಡುವ ಕಣ್ಣು ದಣಿದದ್ದೋ.

ನಮೋಯ್ ಹೊಳೆಯ ದಂಡೆಯ ಮನೆಗೆ ಹೋಗಿ ಕೇಳಿದೆ:
'ಹತ್ತೂವರೆಯಿಂದ ಹತ್ತೂಮುಕ್ಕಾಲು,
ಮೂವತ್ತೊಂದು ವರ್ಷದಲ್ಲಿ ಒಂದೂ ಸಣ್ಣ ಜ್ವಾಲೆ ಇಲ್ಲವಲ್ಲ?'
ಗ್ಲೆನಿಸ್ ಕೆಮ್ಮು ಬರುವಷ್ಟು ನಕ್ಕರು.
'ಟೀ ಕುಡೀತಿದ್ದೆ ಮಗು.
ದೊಡ್ಡವಾದರೆ ರಿಸೀವರು ಗೊರಗುಟ್ಟಿ ತಾನೇ ಕೂಗೋದು.'
ಆಮೇಲೆ ಕಪ್ಪಿನೊಳಗೆ ನೋಡುತ್ತ:
'ಎಂಬತ್ತೊಂಬತ್ತರ ಪುಸ್ತಕ ಸ್ವಲ್ಪ ನೋಡ್ಕೋ.
ಕ್ಲೈವ್ ಹೋದ ವರ್ಷ.
ಸೂರ್ಯ ಉರಿದು ಬೀಳ್ತಿದ್ದ, ಗೊತ್ತಿತ್ತು.
ಸಣ್ಣವನ್ನ ಬರೆಯೋಕೆ ಕೈ ಬರಲಿಲ್ಲ.'

ಹನಿ ಹನಿ ಗೂಡಿದರೆ ಹಳ್ಳ:
ನಮ್ಮ ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿತ್ತು.
ಷರತ್ತನ್ನು ಯಾರೂ ಬರೆದಿರಲಿಲ್ಲ.
ಇಳಿಜಾರು ಎರಡಕ್ಕಿಂತ ಕಡಿದಾದರೆ ಮಾತ್ರ ಹನಿಯಿಂದ ಹಳ್ಳ.
ಅದಕ್ಕಿಂತ ಸಪಾಟಾದರೆ
ಹಳ್ಳವೆಲ್ಲ ಒಂದೆರಡು ಜಡಿಮಳೆಯದು,
ಹನಿಗಳು ಬರೀ ಸಾಕ್ಷಿ.
ಸೂರ್ಯನ ಮೈಗಿಂತ ಮೈಮೇಲಿನ ಹೊದಿಕೆ ನೂರಾರು ಪಟ್ಟು ಬಿಸಿ;
ಕಾಯಿಸುವುದು ಕಾಣದ ಕೋಟಿ ಸಣ್ಣವೋ, ಕಂಡ ನಾಲ್ಕು ದೊಡ್ಡವೋ,
ವ್ಯಾಜ್ಯ ನಿಂತಿರುವುದು ಅದೇ ಎರಡರ ಬಾಗಿಲಲ್ಲಿ.

ಹೊಸ್ತಿಲು ಎತ್ತರಿಸಿದೆ. ಉಳಿದದ್ದು ಮುನ್ನೂರು ಚಿಲ್ಲರೆ.
ಎರಡು ಪಾಯಿಂಟ್ ಸೊನ್ನೆ ಮೂರು;
ಹೆಚ್ಚು ಕಡಿಮೆ ಸೊನ್ನೆ ಪಾಯಿಂಟ್ ಸೊನ್ನೆ ಆರು.
ಅಂದರೆ ಆಚೆಯೂ ಇರಬಹುದು, ಈಚೆಯೂ.
ಸಾಲದ್ದಕ್ಕೆ, ಇಳಿಯುತ್ತ ಮೆಲ್ಲಗೆ ಬಾಗುವ ಇನ್ನೊಂದು ರೇಖೆಯೂ
ಇದೇ ಅಂಗಿಯನ್ನು ಹಾಕಿಕೊಂಡು ನೋಡಿತು;
ತೋಳು ಮಾತ್ರ ಒಂದಿಷ್ಟು ಉದ್ದ.

ಫೋನಿನಲ್ಲಿ ಹೇಳಿದೆ.
'ಮೂವತ್ತೊಂದು ವರ್ಷ ಬರೆದದ್ದಕ್ಕೆ ಇಷ್ಟೇನಾ?' ಎಂದರು.
ಸಿಟ್ಟಿರಲಿಲ್ಲ. ಹಿಂದೆ ಕೆಟಲ್ಲು ಸಿಳ್ಳೆ ಹೊಡೆಯುತ್ತಿತ್ತು.

ರಾತ್ರಿ ಕೂತು ವರದಿಯ ಕೊನೆಯ ಪಟ್ಟಿ ತುಂಬಿದೆ.
ಹತ್ತೂವರೆಯಿಂದ ಹತ್ತೂಮುಕ್ಕಾಲು: ವೀಕ್ಷಣೆ ಇಲ್ಲ.
ಸೊನ್ನೆ ಎಂದು ಬರೆಯಲಿಲ್ಲ; ಸೊನ್ನೆ ಬೇರೆ, ಇಲ್ಲ ಬೇರೆ.
ಎಂಬತ್ತೊಂಬತ್ತಕ್ಕೆ ಪ್ರತ್ಯೇಕ ಹೊಸ್ತಿಲು,
ಉಳಿದ ವರ್ಷಗಳಿಗಿಂತ ಮೂರು ಪಟ್ಟು ಎತ್ತರ.
ಕಾರಣ ಎಂಬ ಕಾಲಮ್ಮಿನಲ್ಲಿ
ಪೆನ್ಸಿಲ್ಲಿನಲ್ಲೇ ಬರೆದೆ: ಮೋಡ.